ಫಾದರ್ ಹೇಳಿದ ಸಂಸಾರದ ಪಾಠ

ಮದುವೆ ನಿಶ್ಚಯವಾದ ಜೋಡಿಗಳಿಗೆ ಸಂಸಾರದ ಪಾಠ ಹೇಳುವುದರಲ್ಲಿ ನಮ್ಮ ಫಾದರ್ ಎತ್ತಿದ ಕೈ. ಸುತ್ತಲಿನ ಚರ್ಚುಗಳವರೂ ತಮ್ಮ ಜೋಡಿಗಳನ್ನು ಅವರ ಬಳಿಗೇ ಕಳಿಸುತ್ತಿದ್ದರು. "ಇಬ್ಬರಲ್ಲಿ ಒಬ್ಬರು ಸುಮ್ಮನಿದ್ದುಬಿಟ್ರೆ ಜಗಳ ಎಲ್ಲಿಂದ ಬರುತ್ತೆ?" ಎಂದು ಅವರು ನಕ್ಕರೆ, ಇಷ್ಟೇನಾ ಎಂದು ಜೋಡಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಚರ್ಚಿನ ಹಿಂದಿನ ಮನೆಯಲ್ಲಿ ಫಾದರ್ ಒಬ್ಬರೇ. ಒದ್ದೆ ಟವೆಲ್ ಕುರ್ಚಿಯ ಮೇಲೆ ಬಿದ್ದಿದ್ದರೂ ಕೇಳುವವರಿರಲಿಲ್ಲ.

ಒಂದು ಮಧ್ಯಾಹ್ನ ಅವರ ಅಕ್ಕ ಸೂಟ್‌ಕೇಸ್ ಸಮೇತ ಬಂದಿಳಿದರು. "ನಿನ್ನ ಭಾವನ ಜೊತೆ ಇನ್ನು ಏಗೋಕಾಗಲ್ಲ ಕಣೋ. ಇಲ್ಲೇ ಇರ್ತೀನಿ."

ವಾರದೊಳಗೆ ರಾಜಿ ಮಾಡಿಸುತ್ತೇನೆಂಬ ಧೈರ್ಯ ಫಾದರ್‌ಗೆ. ಅಷ್ಟರಲ್ಲಿ ಅಕ್ಕ ಅವರ ಓದುವ ಮೇಜನ್ನು ಕಿಟಕಿಯಿಂದ ಗೋಡೆಯತ್ತ ಸರಿಸಿದರು, ಭಾನುವಾರದ ಪ್ರವಚನದ ಹಾಳೆಗಳನ್ನು ಕಪಾಟಿನ ತಳಕ್ಕೆ ತುರುಕಿದರು, "ಮೆಲ್ಲಗೆ ಅಗಿಯೋ" ಎಂದು ಊಟದ ನಡುವೆ ಗದರಿದರು. ಫಾದರ್ ತಮ್ಮ ಪಾಠದಂತೆಯೇ ಸುಮ್ಮನಿದ್ದರು.

"ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?" ಅಕ್ಕ ತಟ್ಟೆ ಸರಿಸಿ ಎದ್ದರು. "ಅವರೂ ಹೀಗೇ, ಗೋಡೆ ಥರ ಕೂತಿರ್ತಾರೆ. ಅದಕ್ಕೇ ಬಿಟ್ಟು ಬಂದೆ!"

ಮರುದಿನ ಫಾದರ್ ಭಾವನನ್ನು ಹುಡುಕಿಕೊಂಡು ಹೋದರು. ಭಾವ ಕಾಲು ಚಾಚಿ ಹಾಯಾಗಿ ಪೇಪರ್ ಓದುತ್ತಿದ್ದರು.

"ಬನ್ನಿ ಫಾದರ್. ನಮ್ಮ ಮದುವೆಯ ಬೆಳ್ಳಿಹಬ್ಬದಲ್ಲಿ ನೀವೇ ಹೇಳಿದ್ರಲ್ಲ, ಸುಮ್ಮನಿರಬೇಕು ಅಂತ? ಅವತ್ತಿಂದ ತುಟಿ ಪಿಟಕ್ಕೆಂದಿಲ್ಲ ನೋಡಿ."

ಫಾದರ್ ಮುಖ ಪೆಚ್ಚಾಯಿತು. "ದಮ್ಮಯ್ಯ ಭಾವ, ಬಂದು ಏನಾದ್ರೂ ಮಾತಾಡಿ. ಬೈದ್ರೂ ಪರವಾಗಿಲ್ಲ."

ಭಾವ ಬಂದಾಗ ಫಾದರ್ ಮನೆಯ ಮುಂದಿನ ಕೋಣೆಯಲ್ಲಿ ಜೋಡಿಗಳಿಗೆ ಪಾಠ ಹೇಳುತ್ತಿದ್ದರು. ಆ ಕೋಣೆಗೂ ಊಟದ ಕೋಣೆಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಆಚೆ ಗಂಡಹೆಂಡಿರ ದನಿ ತಾರಕಕ್ಕೇರಿತು. ಹಳೆಯ ಬಾಡಿಗೆ ಮನೆ, ಅತ್ತೆಯ ಕಾಯಿಲೆ, ಮರೆತುಹೋದ ಹುಟ್ಟುಹಬ್ಬ, ಒಂದೂ ಬಿಡಲಿಲ್ಲ. ಈಚೆ ಜೋಡಿಗಳು ಕಿವಿ ನಿಮಿರಿಸಿ ಕೂತರು. ಇದ್ದಕ್ಕಿದ್ದಂತೆ ಅಕ್ಕನ ನಗು ಕೇಳಿಸಿತು: "ಅಂತೂ ಬಾಯಿ ಬಂತು ನಿಮಗೆ!"

"ಫಾದರ್, ಅವರು ಜಗಳ ಆಡ್ತಿದ್ದಾರಾ, ರಾಜಿ ಆಗ್ತಿದ್ದಾರಾ?" ಎಂದು ಒಬ್ಬ ಹುಡುಗಿ ಕೇಳಿದಳು.

"ನನಗೂ ಗೊತ್ತಾಗ್ತಿಲ್ಲಮ್ಮ."

ಸಂಜೆ ಗಂಡನ ಜೊತೆ ಹೊರಡುವಾಗ ಅಕ್ಕ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ನಿನಗೂ ಒಬ್ಬಳು ಹೆಂಡತಿ ಇರಬೇಕಿತ್ತು ಕಣೋ" ಎಂದರು. ಫಾದರ್ ಗಾಬರಿಯಿಂದ ಶಿಲುಬೆಯ ಗುರುತು ಹಾಕಿಕೊಂಡರು.

ಈಗ ಪಾಠ ಹೇಳುವುದು ಅಕ್ಕ ಮತ್ತು ಭಾವ. ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಗೊಡುವುದಿಲ್ಲ. ಜೋಡಿಗಳು ಮೊದಲಿಗಿಂತ ಹೆಚ್ಚೇ ಬರುತ್ತಾರೆ. ಫಾದರ್ ಆರಂಭದ ಪ್ರಾರ್ಥನೆ ಹೇಳಿ, ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಾರೆ.