ನೂರರ ಕೆಳಗೆ ಬಂದ ಅಣ್ಣ

ನನ್ನಣ್ಣ ಇಪ್ಪತ್ತೆರಡು ವರ್ಷಗಳಿಂದ ಲಾರಿ ತೂಗುತ್ತಿದ್ದಾನೆ. ಹೆದ್ದಾರಿಯ ಬದಿಯಲ್ಲಿ ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಹಲಗೆ, ಪಕ್ಕದಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ, ಕೋಣೆಯ ತುಂಬ ಅಣ್ಣ. ಖಾಲಿ ಲಾರಿಯನ್ನು ಒಮ್ಮೆ, ತುಂಬಿದ ಲಾರಿಯನ್ನು ಇನ್ನೊಮ್ಮೆ ತೂಗಿ, ಒಂದರಿಂದ ಇನ್ನೊಂದನ್ನು ಕಳೆದು ಚೀಟಿ ಕೊಡುವುದು ಅವನ ಕೆಲಸ. ಡ್ರೈವರುಗಳು ಅವನನ್ನು ಆನೆಯಣ್ಣ ಎಂದೇ ಕರೆಯುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ. "ತೂಗೋನು ತೂಕವಾಗಿರ್ಬೇಕು ಕಣ್ರಪ್ಪಾ" ಎಂದು ನಗುತ್ತಿದ್ದ.

ಖಾಲಿ ಲಾರಿ ಕಡಿಮೆ ತೂಗಿದರೆ ಮಾಲು ಹೆಚ್ಚು ಬಂದಂತೆ ಲೆಕ್ಕ. ಅದಕ್ಕಾಗಿ ಕೆಲವು ಡ್ರೈವರುಗಳು ಹಲಗೆ ಹತ್ತುವ ಮೊದಲು ನೀರಿನ ಡ್ರಮ್ಮು ಬರಿದು ಮಾಡುತ್ತಿದ್ದರು, ಹೆಚ್ಚುವರಿ ಚಕ್ರವನ್ನು ಪೊದೆಯಲ್ಲಿ ಅಡಗಿಸುತ್ತಿದ್ದರು. ಅವರು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರುತ್ತಿದ್ದ. ಕೋಣೆಯಿಂದ ಕಷ್ಟಪಟ್ಟು ಹೊರಬಂದು, ಡ್ರಮ್ಮಿಗೆ ಬೆರಳಿನಿಂದ ಒಂದು ಸಲ ಬಾರಿಸಿದರೆ ಮುಗಿಯಿತು. "ಹೋಗು, ತುಂಬಿಸ್ಕೊಂಡು ಬಾ."

ನನಗೆ ಮೂವತ್ತೆಂಟಕ್ಕೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ಚಾವಣಿಯ ಚೌಕಗಳನ್ನು ನೋಡುತ್ತೇನೆ. ಯಂತ್ರಕ್ಕೆ ರಕ್ತ ಕೊಡುವ ನನ್ನ ಕೈಯ ನಾಳ ಎರಡು ಸಲ ಮುಚ್ಚಿಹೋಗಿ, ಎರಡು ಸಲವೂ ಹೊಸದು ಮಾಡಿದ್ದರು. ಮತ್ತೆ ಮುಚ್ಚಿದರೆ ಇನ್ನೊಂದಕ್ಕೆ ಜಾಗವಿಲ್ಲ ಎಂದು ಡಾಕ್ಟರಮ್ಮ ಹೇಳಿಬಿಟ್ಟರು. ಬೇರೆಯವರ ಮೂತ್ರಪಿಂಡ ಬೇಗ ಸಿಗಬೇಕಿತ್ತು. ಅಪ್ಪ ಅಮ್ಮ ಇಲ್ಲ. ಅತ್ತಿಗೆಯ ರಕ್ತ ಹೊಂದಲಿಲ್ಲ. ಅಣ್ಣನದು ಹೊಂದಿತು, ಆದರೆ ಅಣ್ಣ ನೂರಹದಿನೆಂಟು ಕಿಲೋ ಇದ್ದ.

"ನೂರರ ಕೆಳಗೆ ಬನ್ನಿ, ಆಮೇಲೆ ಮಾತಾಡೋಣ" ಎಂದರು ಡಾಕ್ಟರಮ್ಮ.

ಅಣ್ಣ ನಡೆದ, ಓಡಿದ, ಸಕ್ಕರೆ ಬಿಟ್ಟ. ಮೂರು ಕಿಲೋ ಇಳಿದು ನಾಲ್ಕು ಏರಿದ. ಆಗ ಡಾಕ್ಟರಮ್ಮ ಬಲೂನಿನ ವಿಷಯ ಹೇಳಿದ್ದು. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಮಡಚಿದ ಮೆತ್ತನೆಯ ಚೀಲವೊಂದನ್ನು ಬಾಯಿಯಿಂದ ಹೊಟ್ಟೆಗೆ ಇಳಿಸಿ, ನೀಲಿ ಬಣ್ಣ ಬೆರೆಸಿದ ಉಪ್ಪುನೀರನ್ನು ಅರ್ಧ ಲೀಟರಿಗಿಂತ ತುಸು ಹೆಚ್ಚು ತುಂಬುತ್ತಾರೆ, ಹೊಟ್ಟೆ ತುಂಬಿದಂತಾಗಿ ಊಟ ಕಡಿಮೆಯಾಗುತ್ತದೆ. ಅರ್ಧ ಗಂಟೆಯ ಕೆಲಸ, ಸಂಜೆಗೆ ಮನೆಗೆ. ಆರು ತಿಂಗಳ ಮೇಲೆ ಬಂದ ದಾರಿಯಲ್ಲೇ ತೆಗೆಯುತ್ತಾರೆ. ಮೂತ್ರ ನೀಲಿಯಾದರೆ ಬಲೂನು ಒಡೆದಿದೆ ಎಂದರ್ಥ, ಓಡಿ ಬರಬೇಕು.

"ಕಳ್ಳ ನೀರನ್ನ ಹಿಡಿಯೋನು ನಾನು. ಈಗ ನನ್ನೊಳಗೇ ನೀರಿಡ್ತಾರಂತೆ" ಎಂದ ಅಣ್ಣ. ಆಸ್ಪತ್ರೆಯ ಬಿಳಿ ಅಂಗಿ ಅವನ ಬೆನ್ನ ಹಿಂದೆ ಕೂಡುತ್ತಿರಲಿಲ್ಲ.

ಮೊದಲ ನಾಲ್ಕು ದಿನ ಬರೀ ವಾಂತಿ. ಅತ್ತಿಗೆ ಬಕೆಟ್ ಹಿಡಿದು ಕೂತಿದ್ದಳು. "ತೆಗೆಸ್ಬಿಡೋಣ ಕಣ್ರೀ" ಎಂದು ಅತ್ತರೆ ಇವನು ಕೈ ಬೀಸಿ ಬೇಡವೆಂದ. ಐದನೆಯ ದಿನ ನಾಲ್ಕು ಚಮಚ ಸೂಪು ನಿಂತಿತು. ಆಮೇಲೆ ಹಸಿವು ಎಂಬುದೇ ಹೋಯಿತು.

ಹಸಿವಿನ ಜೊತೆ ಮಾತೂ ಹೋಯಿತು. ಅಣ್ಣನಿಗೆ ಮಾತು ಬರುತ್ತಿದ್ದುದೇ ತಟ್ಟೆಯ ಮುಂದೆ. ಈಗ ತಟ್ಟೆಯಲ್ಲಿ ಅರ್ಧ ಬಿಟ್ಟು ಸೋಫಾದ ಒಂದು ತುದಿಗೆ ಬಂದು ಕೂರುತ್ತಿದ್ದ. ಇನ್ನೊಂದು ತುದಿಯಲ್ಲಿ ನಾನು. ದನಿ ನಿಲ್ಲಿಸಿದ ಟೀವಿಯಲ್ಲಿ ಯಾರೋ ಯಾರನ್ನೋ ಬೈಯುತ್ತಿರುತ್ತಿದ್ದರು. "ಹಸಿವಿಲ್ಲದ ಮೇಲೆ ಹೊತ್ತು ಹೋಗೋದೇ ತಿಳಿಯಲ್ಲ ಕಣೇ" ಎಂದ ಒಂದು ದಿನ. ನನಗೂ ತಿಳಿಯುತ್ತಿರಲಿಲ್ಲ. ಭಯವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಇದ್ದೆ, ಅಷ್ಟೆ. "ಎರಡು ಗೊಂಬೆ ಸಾಕ್ತಿದ್ದೀನಿ" ಎಂದು ಅತ್ತಿಗೆ ಗೊಣಗುತ್ತಾ ಅಣ್ಣನ ಪ್ಯಾಂಟುಗಳನ್ನು ಹೊಲಿಗೆಯವನ ಹತ್ತಿರ ಒಯ್ಯುತ್ತಿದ್ದಳು.

ನೂರಹನ್ನೆರಡು. ನೂರೆಂಟು. ನೂರನಾಲ್ಕು. ಐದನೆಯ ತಿಂಗಳು ನೂರೆರಡಕ್ಕೆ ಬಂದವನು ಅಲ್ಲೇ ನಿಂತ. ಹಟ ಹಿಡಿದ ಎತ್ತಿನ ಹಾಗೆ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ. ಬಲೂನು ತೆಗೆಯುವುದು, ದಾನಿಯ ಕೊನೆಯ ಪರೀಕ್ಷೆ ನಡೆಸುವುದು, ಎರಡೂ ಒಂದೇ ದಿನ ಎಂದು ಗೊತ್ತಾಗಿತ್ತು. ಆ ದಿನಕ್ಕೆ ಒಂದು ವಾರ ಉಳಿದಾಗಲೂ ನೂರೆರಡೇ.

ಆ ದಿನ ಅಣ್ಣ ಆಸ್ಪತ್ರೆಯ ತಕ್ಕಡಿ ಹತ್ತಿದ. ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು. ಅತ್ತಿಗೆ ಚಪ್ಪಾಳೆ ತಟ್ಟಿದಳು, ನರ್ಸ್ ಕೂಡ ನಕ್ಕಳು. ಅಣ್ಣನ ತುಟಿ ಬಿಳಿಚಿ ಒಡೆದಿತ್ತು. ನಾನು ನೋಡಿದೆ, ಬಲೂನಿನದೇ ಉಪದ್ರವ ಇರಬೇಕೆಂದುಕೊಂಡು ಸುಮ್ಮನಾದೆ. ಬಲೂನು ತೆಗೆದರು, ರಕ್ತ ತೆಗೆದುಕೊಂಡರು.

ಮರುದಿನ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ಕೇಳಿದರು. "ತೂಕ ಸರಿಯಾಗಿದೆ. ರಕ್ತ ಸರಿಯಿಲ್ಲ. ಏನಾದ್ರೂ ಮಾತ್ರೆ ತಗೊಂಡ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು.

"ಮೂರು ದಿನ ನೀರು ಕುಡೀಲಿಲ್ಲ" ಎಂದ. "ತಂಗಿ ಡಬ್ಬೀಲಿ ಮೂತ್ರ ಹೋಗೋ ಮಾತ್ರೆ ಇತ್ತು. ಅದನ್ನ ತಗೊಂಡೆ. ದಿನಕ್ಕೆ ಮೂರು."

ಅವನೇ ಮುಂದುವರಿಸಿದ. "ಡ್ರೈವರುಗಳು ಡ್ರಮ್ಮು ಬರಿದು ಮಾಡ್ತಾರಲ್ಲ ಮೇಡಂ, ಹಾಗೆ. ಎರಡು ಕಿಲೋ ಬರೀ ನೀರು ತಾನೇ, ತೂಕ ಆದ್ಮೇಲೆ ತುಂಬಿಸ್ಕೊಂಡ್ರಾಯ್ತು ಅಂದ್ಕೊಂಡೆ."

ಅಣ್ಣನಿಗೆ ಸಲೈನ್ ಹಾಕಿದರು. ಮೂರು ವಾರ ರಕ್ತ ನೋಡಿದರು. ಮೂತ್ರಪಿಂಡದ ಏರಿದ್ದ ಅಂಕಿ ಇಳಿಯುತ್ತಾ ಬಂದು ನಡುದಾರಿಯಲ್ಲಿ ನಿಂತಿತು. ಆಗ ಡಾಕ್ಟರಮ್ಮ ಕಡತ ಮುಚ್ಚಿದರು. ನಿಮ್ಮಣ್ಣನ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿದೆ, ಇನ್ನು ಅವರಿಗೇ ಎರಡೂ ಬೇಕು, ತೆಗೆಯುವ ಹಾಗಿಲ್ಲ ಎಂದರು. ಎರಡು ಕಿಲೋ ಉಳಿದಿದ್ದರೆ ಒಂದು ತಿಂಗಳು ದಿನಾಂಕ ಮುಂದೆ ಹಾಕುತ್ತಿದ್ದೆವು, ನೀವು ಕೇಳಬಹುದಿತ್ತು ಎಂದೂ ಸೇರಿಸಿದರು. ನನ್ನ ಹೆಸರನ್ನು ಕಾಯುವವರ ಪಟ್ಟಿಗೆ ಬರೆದುಕೊಂಡರು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತೆಂದು ಅಲ್ಲಿ ಕೂತೆ, ಅಷ್ಟು ನೆನಪಿದೆ.

ಅಣ್ಣನಿಗೆ ಈಗ ದಿನಕ್ಕೆ ಮೂರು ಲೀಟರ್ ನೀರು ಕುಡಿಯಲು ಹೇಳಿದ್ದಾರೆ. ನನಗೆ ಅರ್ಧ ಲೀಟರ್, ಮಾತ್ರೆ ನುಂಗುವ ನೀರೂ ಅದರಲ್ಲೇ. ಬಾಯಿ ಒಣಗಿದರೆ ಮಂಜುಗಡ್ಡೆಯ ಚೂರು ನಾಲಗೆಯ ಮೇಲಿಟ್ಟುಕೊಳ್ಳುತ್ತೇನೆ. ಮನೆಗೆ ಬಂದ ಎರಡನೆಯ ದಿನ ಮಧ್ಯಾಹ್ನ ಅತ್ತಿಗೆ ಅಡುಗೆಮನೆಯಿಂದ ಕೂಗಿದಳು. ಬೆಳಗ್ಗೆ ತುಂಬಿಸಿಟ್ಟ ಜಗ್ಗು ಹಾಗೇ ಇತ್ತು.

"ಯಾಕೆ ಕುಡಿದಿಲ್ಲ?" ಎಂದೆ.

"ನೀನು ಹೀಗಿರುವಾಗ ಹೆಂಗೆ ಇಳಿಯುತ್ತೆ ಹೇಳು."

ಜಗ್ಗನ್ನು ತರಿಸಿ ಅವನ ಮುಂದಿನ ಸ್ಟೂಲಿನ ಮೇಲೆ ಇಡಿಸಿದೆ. "ನನ್ನೆದುರಿಗೇ ಕುಡಿ" ಎಂದೆ.

ಅವನು ಲೋಟ ತುಂಬಿಸಿಕೊಂಡ. ತುಂಬುವ ಸದ್ದು ನನಗೆ ಗಂಟಲಿನವರೆಗೂ ಕೇಳಿತು. ಅವನು ತಲೆಯೆತ್ತಿ ಗಟಗಟನೆ ಕುಡಿದ. ಆಗ, ಎಷ್ಟೋ ತಿಂಗಳ ನಂತರ ಮೊದಲ ಸಲ, ನನಗೆ ಸಿಟ್ಟು ಬಂತು. ಕಿತ್ತುಕೊಂಡು ಕುಡಿದುಬಿಡುವಷ್ಟು ಸಿಟ್ಟು.

"ಕುಡೀಬಾರ್ದು ಅಂತ ಹೇಳಿರೋದು ನನಗೆ" ಎಂದೆ. "ನಿನಗೆ ಯಾರು ಹೇಳಿದ್ರು? ಯಾರು ಬೇಡ ಅಂದಿದ್ರು ನಿನಗೆ?"

ಅಣ್ಣ ಅಳತೊಡಗಿದ. ಲೋಟ ಅವನ ಕೈಯಲ್ಲೇ ಇತ್ತು.

"ಇನ್ನೊಂದು" ಎಂದೆ.