ಡ್ರೈಯರಿನಲ್ಲಿ ಒಣಗಿದ ಮಡಿ

ನಮ್ಮತ್ತೆಯ ಬೆರಳ ತುದಿಗಳು ಯಾವಾಗಲೂ ನೆನೆಹಾಕಿದ ಅವರೆಕಾಳಿನ ಹಾಗೆ ಬಿಳುಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ದಿನದ ಯಾವ ಹೊತ್ತಿನಲ್ಲಿ ನೋಡಿದರೂ ಆ ಕೈಗಳು ಈಗಷ್ಟೇ ನೀರಿನಿಂದ ಹೊರಬಂದಂತೆ ಕಾಣುತ್ತಿದ್ದವು. ಕೂತ ಕಡೆ ಕೂರುವ ಹೆಂಗಸಲ್ಲ ಅವರು. ಟೀವಿ ನೋಡುವುದೂ ಬಾಗಿಲಿಗೆ ಒರಗಿ ನಿಂತುಕೊಂಡೇ. “ಕೂತ್ಕೊಳ್ಳಿ ಅತ್ತೆ” ಅಂದರೆ, “ಕೂತ್ರೆ ಮತ್ತೆ ಏಳ್ಬೇಕಲ್ಲ ಮಾರಾಯ್ತಿ, ಎರಡೆರಡು ಕೆಲಸ ಯಾಕೆ?” ಅನ್ನುತ್ತಿದ್ದರು. ಮದುವೆಯಾಗಿ ಗೋಪಾಳದ ಈ ಮನೆಗೆ ಬಂದ ಹೊಸತರಲ್ಲಿ ಅವರ ಓಡಾಟ ನೋಡಿಯೇ ನನಗೆ ಸುಸ್ತಾಗುತ್ತಿತ್ತು.

ಆ ಕೈಗಳು ಹಾಗಾಗಲು ಕಾರಣ ಅವರ ಮಡಿ. ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ, ತಮ್ಮ ಸೀರೆಯನ್ನು ತಾವೇ ಒಗೆದು ಹಿಂಡಿ, ಸೂರಿನಡಿ ತೂಗುಹಾಕಿದ್ದ ಬಿದಿರಿನ ಗಳದ ಮೇಲೆ ಕೋಲಿನಿಂದ ಹರಡುತ್ತಿದ್ದರು. ಒಣಗುವವರೆಗೂ, ಒಣಗಿ ಅವರು ಉಡುವವರೆಗೂ ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಆ ಸೀರೆ ಉಟ್ಟು, ತಮ್ಮದೇ ಒಲೆಯ ಮೇಲೆ ತಾವು ಬೇಯಿಸಿದ್ದನ್ನು ಮಾತ್ರ ಅವರು ಉಣ್ಣುವುದು. ನನಗೆ ಇದೆಲ್ಲ ಮೈ ಪರಚಿಕೊಳ್ಳುವಷ್ಟು ಕಿರಿಕಿರಿ. ಯಾರ್‍ಯಾರನ್ನು ದೂರ ಇಡುವುದಕ್ಕೆ ಹುಟ್ಟಿದ ಪದ್ಧತಿ ಇದು ಎಂದು ಜಗಳಕ್ಕೆ ನಿಂತದ್ದೂ ಉಂಟು. ಅವರು ಜಗಳಕ್ಕೆ ಸಿಗುತ್ತಿರಲಿಲ್ಲ. “ನಿನ್ನನ್ನ ಮಾಡು ಅಂದ್ನಾ?” ಎಂದು ಕೇಳಿ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಿದ್ದರು.

ಆ ವರ್ಷ ಮಳೆ ಹಿಡಿದುಕೊಂಡ ಹೊತ್ತಿಗೇ ಅವರ ಬಲಭುಜವೂ ಹಿಡಿದುಕೊಂಡಿತು. ಕೈ ಎದೆಯ ಮಟ್ಟ ದಾಟಿ ಮೇಲೇಳುತ್ತಿರಲಿಲ್ಲ. ಹಿಂಡಲು ಬಲವಿಲ್ಲ, ಕೋಲು ಎತ್ತಲು ಆಗದು. ಎಡಗೈಯಲ್ಲೇ ಹೇಗೋ ಕಿಟಕಿಯ ಸರಳಿಗೆ ಸೀರೆ ಹಾಕಿದರೆ ಸಂಜೆಯಾದರೂ ನೀರು ತೊಟ್ಟಿಕ್ಕುತ್ತಿತ್ತು. ಕೆಲವು ದಿನ ಆ ಒದ್ದೆಯನ್ನೇ ಉಟ್ಟು ಅಡಿಗೆ ಮಾಡಿ ಕೆಮ್ಮು ಹತ್ತಿಸಿಕೊಂಡರು. ಇನ್ನೊಂದು ಸಲ ಹೀಗೆ ಮಾಡಿದರೆ ಎದೆಗೆ ಇಳಿಯುತ್ತದೆ ಎಂದು ಡಾಕ್ಟರು ಗದರಿದರು. “ನಾನು ಒಣಗಿಸಿ ಕೊಡ್ತೀನಿ” ಅಂದೆ, ಬೇಡ. “ರೇಷ್ಮೆ ಪಟ್ಟೆ ಉಟ್ಕೊಳ್ಳಿ, ಮಡಿಗೆ ಅದಾದ್ರೆ ದಿನಾ ಒಗೆಯೋ ರಗಳೆ ಇಲ್ವಲ್ಲ” ಅಂದೆ. “ಪಟ್ಟೆ ಉಟ್ಕೊಂಡು ದಿನಾ ಒಲೆ ಮುಂದೆ ಕೂರೋಕೆ ನಾನೇನು ಮದುಮಗಳಾ?” ಅಂದರು. ಕೊನೆಗೆ ಅಡಿಗೆಯನ್ನೇ ಬಿಟ್ಟರು. ಹಾಲು, ಬಾಳೆಹಣ್ಣು, ಎಳನೀರು, ಅಷ್ಟೇ. ನಾನು ಬಿಸಿ ಅನ್ನ ಸಾರು ಮಾಡಿ ಎದುರಿಗಿಟ್ಟರೆ ಮುಖ ತಿರುಗಿಸಿ, “ಹಸಿವಿಲ್ಲ ಕಣೇ” ಅನ್ನುತ್ತಿದ್ದರು. ಅವರ ರವಿಕೆ ತೋಳಿನಲ್ಲಿ ಜೋಲುತ್ತಾ ಬಂತು. ಮನೆಯಲ್ಲೊಬ್ಬರು ಹಾಗೆ ದಿನೇ ದಿನೇ ಕರಗುತ್ತಿರುವಾಗ ನನಗೂ ತುತ್ತು ಇಳಿಯುತ್ತಿರಲಿಲ್ಲ.

ವಾಷಿಂಗ್ ಮಷಿನ್ನೂ ಡ್ರೈಯರೂ ತರೋಣ ಎಂದದ್ದು ನನ್ನ ಗಂಡ. “ಅಮ್ಮಾ, ನೀನೇ ಹಾಕು, ನೀನೇ ತೆಗಿ. ಒಗೆಯೋದು ಒಂದು ಪೆಟ್ಟಿಗೆ, ಒಣಗಿಸೋದು ಇನ್ನೊಂದು. ಮಧ್ಯದಲ್ಲಿ ಯಾರೂ ಮುಟ್ಟಲ್ಲ.” ಮೂರನೆಯ ದಿನ ಅತ್ತೆ ಬಾಳೆಹಣ್ಣು ಸುಲಿಯುತ್ತಾ ನನ್ನನ್ನು ಕೇಳಿದರು.

“ಒಳಗಡೆ ಏನಿರತ್ತೆ, ಪ್ಲಾಸ್ಟಿಕ್ಕಾ?”

“ಸ್ಟೀಲು ಅತ್ತೆ.”

“ಹಾಗಾದ್ರೆ ಪಾತ್ರೆ ಇದ್ದಂಗೆ. ತೊಳೆದ್ರೆ ಶುದ್ಧ.” ಸ್ವಲ್ಪ ಯೋಚಿಸಿ ಸೇರಿಸಿದರು: “ಬೆಳಿಗ್ಗೆ ಮೊದಲು ನನ್ನದು. ಆಮೇಲೆ ನಿಮ್ಮ ಚಡ್ಡಿ ಪ್ಯಾಂಟು ಏನಾದ್ರೂ ಹಾಕ್ಕೊಳ್ಳಿ. ರಾತ್ರಿ ಒಂದ್ಸಲ ಬರೀ ನೀರು ಬಿಟ್ಟು ತಿರುಗಿಸಿಡಿ.”

ಯಾವ ಮಠದಿಂದಲೂ ಇಷ್ಟು ಬೇಗ ತೀರ್ಪು ಬರುತ್ತಿರಲಿಲ್ಲ ಎಂದು ನಾನೂ ನನ್ನ ಗಂಡನೂ ಅಡಿಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕೆವು.

ಪೆಟ್ಟಿಗೆಗಳು ಬಂದವು. ಆದರೆ ತಂದವರು ಜೋಡಿಸುವವರಲ್ಲ, ಜೋಡಿಸುವವರು ಬೇರೆ. ಅವರು ಇವತ್ತು ಬರುತ್ತಾರೆ, ನಾಳೆ ಖಂಡಿತ ಎಂದು ಫೋನಿನಲ್ಲಿ ಒಂದೊಂದು ದಿನ ಒಂದೊಂದು ದನಿ ಹೇಳುತ್ತಿತ್ತು. ನಡುಮನೆಯಲ್ಲಿ ಆ ಎರಡು ರಟ್ಟಿನ ಗೋಡೆಗಳು, ಅವುಗಳ ಸುತ್ತ ಅತ್ತೆ. ಗೇಟಿನ ಸದ್ದಾದರೆ ಸಾಕು, ಹೋಗಿ ನೋಡುವರು. ಪೇಪರ್ ಹಾಕುವವನೋ, ಪಕ್ಕದ ಮನೆಯವರೋ. ನಾನು ಕೆಲಸಕ್ಕೆ ರಜೆ ಹಾಕಿ ಕಾದೆ. ಹಿಂಬದಿಯಲ್ಲಿ ಬಟ್ಟೆ ಒಗೆಯುವ ಯುಟಿಲಿಟಿಯ ನಲ್ಲಿಯನ್ನು ಸುಮ್ಮನೆ ತಿರುಗಿಸಿ ನೋಡುತ್ತಿದ್ದೆ. ಸಾಕೆಟ್ಟಿನ ಸ್ವಿಚ್ಚು ಹಾಕಿ ಆರಿಸುತ್ತಿದ್ದೆ. ಆ ದಿನಗಳಲ್ಲಿ ನನಗೆ ಯಾರ ಮೇಲೆ ಸಿಟ್ಟು ಎನ್ನುವುದೇ ತಿಳಿಯುತ್ತಿರಲಿಲ್ಲ. ಬಾರದ ಮೆಕ್ಯಾನಿಕ್ಕಿನ ಮೇಲೋ, ಉಣ್ಣದ ಅತ್ತೆಯ ಮೇಲೋ, ನಿಲ್ಲದ ಮಳೆಯ ಮೇಲೋ.

ಕೊನೆಗೊಂದು ಬೆಳಿಗ್ಗೆ ಮೆಕ್ಯಾನಿಕ್ ಬಂದರು. ಭದ್ರಾವತಿಯವರು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರಂತೆ. ತಲೆ ಅರ್ಧ ನರೆತಿತ್ತು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಮಷಿನ್ನಿನ ಹಿಂದಿನ ಬೋಲ್ಟು ಬಿಚ್ಚುತ್ತಾ ಮಲವಗೊಪ್ಪದ ಇನ್ನೊಂದು ಗಿರಾಕಿಗೆ ಫೋನಿನಲ್ಲಿ “ಬಂದೆ ಸಾರ್, ದಾರೀಲಿದೀನಿ” ಎಂದು ಸುಳ್ಳು ಹೇಳಿ ನಮ್ಮ ಕಡೆ ತಿರುಗಿ ನಕ್ಕರು. ಕಾಲುಗಳನ್ನು ಮಟ್ಟ ಮಾಡಿದರು, ಪೈಪು ಕೂರಿಸಿದರು, ಒಂದರ ಮೇಲೊಂದು ಇಡುವ ಸ್ಟ್ಯಾಂಡಿನ ತಿರುಪು ಬಿಗಿದರು. ಅತ್ತೆ ಒಂದು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಡೆಮೋ ತೋರಿಸಲು ಬಟ್ಟೆ ಬೇಕು ಎಂದಾಗ ನಾನು ಟವೆಲ್ಲು ತರಲು ಹೊರಟೆ. “ಇರು” ಎಂದು ನನ್ನನ್ನು ತಡೆದು, ಮೊದಲು ಬರೀ ನೀರಿನಲ್ಲಿ ಒಂದು ಸಲ ತಿರುಗಿಸಲು ಹೇಳಿ, ಆಮೇಲೆ ತಮ್ಮದೊಂದು ಬಿಳಿ ಹತ್ತಿ ಸೀರೆಯನ್ನು ಎಡಗೈಯಿಂದ ತಾವೇ ಒಳಗೆ ಹಾಕಿದರು. ಒಗೆದಾದ ಮೇಲೆ ಮೇಲಿನ ಪೆಟ್ಟಿಗೆಗೂ ತಾವೇ ಹಾಕಿದರು. ಇವತ್ತು ಮಧ್ಯಾಹ್ನ ಅತ್ತೆ ಉಣ್ಣುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಅವರು ತಮ್ಮ ಒಲೆಯ ಹತ್ತಿರ ಅಕ್ಕಿಯ ಡಬ್ಬಿ ಸರಿಸಿ ಇಟ್ಟು ಬಂದಿದ್ದನ್ನೂ ನೋಡಿದ್ದೆ.

ಡ್ರೈಯರ್ ಕುಂಯ್ ಎಂದು ಕೂಗಿ ನಿಂತಿತು. ಅತ್ತೆ ಮುಂದೆ ಬರುವಷ್ಟರಲ್ಲಿ ಮೆಕ್ಯಾನಿಕ್ ಬಾಗಿಲು ತೆರೆದು ಕೈ ಹಾಕಿಯೇಬಿಟ್ಟರು.

“ಮಡಿ! ಮಡಿ!” ಅತ್ತೆ ಕೂಗಿದರು.

“ಆಯ್ತಮ್ಮಾ, ಆಯ್ತು, ಗಾಬ್ರಿ ಆಗ್ಬೇಡಿ” ಎಂದು ಅವರು ಸೀರೆಯನ್ನು ಹೊರಗೆಳೆದು, ಗದ್ದಕ್ಕೆ ಅಂಚು ಒತ್ತಿಕೊಂಡು, ಎರಡು, ನಾಲ್ಕು, ಎಂಟು ಮಡಿಕೆ ಮಾಡತೊಡಗಿದರು. ಅತ್ತೆ ಇನ್ನೂ ಜೋರಾಗಿ “ಅಯ್ಯೋ, ಮಡಿ ಕಣಪ್ಪಾ!” ಅಂದರು. ಮೆಕ್ಯಾನಿಕ್ ಇನ್ನೂ ಬೇಗ ಬೇಗ ಮಡಿಸಿದರು. ಕೊನೆಗೆ ಹೊಸ ಸೀರೆಯ ಹಾಗೆ ಅಂಗೈಯಿಂದ ತೀಡಿ, ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದರು. “ಮಡಿಚ್ಬಿಟ್ಟೆ ನೋಡಿಮ್ಮಾ. ಇಸ್ತ್ರಿ ಮಾಡ್ದಂಗೈತೆ.”

ನನಗೆ ಅಳುವೇ ಬಂತು. ಇಷ್ಟು ದಿನ ಕಾದದ್ದೆಲ್ಲ ನೀರುಪಾಲು. ಇನ್ನು ಈ ಪೆಟ್ಟಿಗೆಯನ್ನೇ ಮುಟ್ಟುವುದಿಲ್ಲ ಎನ್ನುತ್ತಾರೆ, ಮತ್ತೆ ಅದೇ ಬಾಳೆಹಣ್ಣು. ಮೆಕ್ಯಾನಿಕ್ಕಿನ ಮೇಲೆ ಎಗರಿ ಬೀಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ನಗತೊಡಗಿದರು. ಸಣ್ಣ ನಗುವಲ್ಲ, ನೋವಿದ್ದ ಭುಜ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. “ಅವನನ್ನ ಬೈಬೇಡ್ವೇ. ಮಾತಿನ ಧಾಟೀಲೇ ಗೊತ್ತಾಗತ್ತೆ, ಅವರ ಭಾಷೇಲಿ ಮಡಿ ಅಂದ್ರೆ ಮಡಚು ಅಂತ. ನಾನು ಹೇಳ್ದೆ, ಅವನು ಮಾಡ್ದ.” ಆಮೇಲೆ ಮೆಕ್ಯಾನಿಕ್ಕಿನ ಕಡೆ ತಿರುಗಿ, ನಾನು ಕನಸಿನಲ್ಲೂ ಊಹಿಸದ ಹಾಗೆ, “ಸಾಪ್ಟಿಯಾಪ್ಪಾ?” ಎಂದು ಕೇಳಿದರು. ಊಟ ಆಯಿತೇ ಎಂದು, ತಮಿಳಿನಲ್ಲಿ!

ಮೆಕ್ಯಾನಿಕ್ ನಾಚಿಕೊಂಡು ತಮಿಳಿನಲ್ಲೇ ಏನೋ ಹೇಳಿದರು. ಅತ್ತೆಯೂ ಹೇಳಿದರು. ಇಬ್ಬರೂ ಎಷ್ಟೋ ಹೊತ್ತು ಮಾತಾಡಿದರು. ಮಾವನವರು ಭದ್ರಾವತಿಯಲ್ಲಿ ಮೇಷ್ಟರಾಗಿದ್ದಾಗ ಪಕ್ಕದ ಮನೆಯಾಕೆ ತಮಿಳಿನವರಂತೆ. ದಿನಾ ಬಟ್ಟೆ ಒಣಹಾಕುವಾಗ ಕಾಂಪೌಂಡಿನ ಆಚೆ ಅವರು, ಈಚೆ ಇವರು. ಕನ್ನಡ ಕೊಟ್ಟು ತಮಿಳು ಕೊಂಡದ್ದಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ, ಅವರು ಹೇಳಲು ಕೂತೂ ಇರಲಿಲ್ಲ.

ಮೆಕ್ಯಾನಿಕ್ ಹೋದ ಮೇಲೆ ಅತ್ತೆ ಆ ಸೀರೆಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಮಡಿಕೆಯೊಳಗೆ ಇನ್ನೂ ತುಸು ಬೆಚ್ಚಗಿತ್ತು. “ಮದುವೆಯಾದಾಗಿಂದ ನನ್ನ ಸೀರೆನ ಇನ್ನೊಬ್ಬರು ಮಡಚಿಟ್ಟಿದ್ದು ಇದೇ ಮೊದಲು ಕಣೇ” ಅಂದರು. ಹಾಗಂತ ಅದನ್ನು ಉಟ್ಟರೆಂದುಕೊಳ್ಳಬೇಡಿ. ಇನ್ನೊಂದು ಸೀರೆ ಹಾಕಿ, ಎರಡೂ ಪೆಟ್ಟಿಗೆ ಮತ್ತೆ ತಿರುಗಿಸಿ, ಇನ್ನೊಮ್ಮೆ ಸ್ನಾನ ಮಾಡಿ, ತಾವೇ ತೆಗೆದು ಉಟ್ಟು, ಮೂರು ಗಂಟೆಯ ಹೊತ್ತಿಗೆ ಅನ್ನ, ತೊಗರಿಬೇಳೆ ಸಾರು ಮಾಡಿದರು. ನಾನು ಬಾಗಿಲಾಚೆ ನಿಂತು ಅವರು ಉಣ್ಣುವ ಸದ್ದು ಕೇಳಿದೆ. ಎರಡನೆಯ ಸಲ ಬಡಿಸಿಕೊಂಡದ್ದೂ ಕೇಳಿತು.

ಆಮೇಲೆ ಕೆಲವು ವರ್ಷ ಹಾಗೇ ನಡೆಯಿತು. ಕಡೆಯ ಸಲ ಆಸ್ಪತ್ರೆಯಿಂದ ಕರೆತಂದಾಗ ಅವರಿಗೆ ಎದ್ದು ಕೂರಲೂ ತ್ರಾಣವಿರಲಿಲ್ಲ. ಅಲ್ಲಿ ಬರೀ ಹಾಲು, ಎಳನೀರಿನಲ್ಲಿ ದಿನ ಕಳೆದಿದ್ದರು. ಬಾಯಿಗೆ ರುಚಿಯಾಗಿ ಏನಾದರೂ ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬೆಳಿಗ್ಗೆ ಗಂಜಿ ಮಾಡಿ, ನೈಟಿಯಲ್ಲೇ ಬಟ್ಟಲು ಹಿಡಿದು ಹೋದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೇಡ ಅನ್ನಲಿಲ್ಲ. ನನಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಹೆದರಿಕೆಯಾಯಿತು. ಅವರು ಬೇಡ ಎನ್ನಬೇಕಿತ್ತು, ಸಿಡುಕಬೇಕಿತ್ತು.

ಬಟ್ಟಲು ವಾಪಸು ತಂದೆ. ತಲೆಗೆ ಸ್ನಾನ ಮಾಡಿದೆ. ಬೆಳಿಗ್ಗೆಯೇ ಡ್ರೈಯರಿನಲ್ಲಿ ಒಣಗಿ ಅದರೊಳಗೇ ಇದ್ದ ನನ್ನ ಸೀರೆಯನ್ನು ಯಾರಿಗೂ ತಾಕದಂತೆ ತೆಗೆದು ಉಟ್ಟು, ಅವರ ಒಲೆಯ ಮೇಲೆ, ಅವರ ಪಾತ್ರೆಯಲ್ಲಿ ಮತ್ತೆ ಗಂಜಿ ಬೇಯಿಸಿದೆ. ಮಡಿಯಲ್ಲಿ ನನಗೆ ಆಗಲೂ ನಂಬಿಕೆಯಿರಲಿಲ್ಲ, ಈಗಲೂ ಇಲ್ಲ. ನಂಬಿಕೆ ಇದ್ದದ್ದು ಅವರಲ್ಲಿ.

ಒದ್ದೆ ತಲೆಯಲ್ಲಿ ಬಂದು ನಿಂತ ನನ್ನನ್ನು ನೋಡಿ ಅವರು ಏನಾದರೂ ಮೆಚ್ಚುಗೆ ಹೇಳಿಯಾರು ಎಂದು ಕಾದೆ.

“ಇಷ್ಟು ಹೊತ್ತು ಏನ್ ಮಾಡ್ತಿದ್ದೆ ಮಾರಾಯ್ತಿ? ನಂಗೆ ಹಸಿವು” ಎಂದು ಬಾಯಿ ತೆರೆದರು.

ಚಮಚ ಚಮಚವಾಗಿ ಪೂರ್ತಿ ಕುಡಿಸಿದೆ. ಆ ರಾತ್ರಿಯೇ ಪ್ರಜ್ಞೆ ತಪ್ಪಿತು, ವಾರ ತುಂಬುವುದರೊಳಗೆ ಹೋದರು. ಅಷ್ಟು ವರ್ಷದಲ್ಲಿ ನನ್ನ ಕೈಯ ಅಡಿಗೆಯನ್ನು ಅವರು ಉಂಡದ್ದು ಅದೊಂದೇ ಸಲ.