ಅಮ್ಮ ಕೆಡಿಸಿದ ಗುಟ್ಟು

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ತಂಗಿ ಹೊಳನಗದ್ದೆಯ ಮನೆಯಲ್ಲಿ ಅಮ್ಮನ ಜೊತೆಗಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಅಮ್ಮನಿಗೆ ಅರವತ್ತು ತುಂಬುವ ದಿನ ಅವಳ ಬಾಲ್ಯದ ಗೆಳತಿಯನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಬೇಕೆಂದು ಇಬ್ಬರೂ ಗುಟ್ಟಾಗಿ ಹಂಚಿಕೆ ಹಾಕಿದೆವು. ನದಿ ನಡುವಿನ ದ್ವೀಪ ಮಾವಿನಕುರ್ವೆಯಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದವರು ಅವರು. ಗೆಳತಿ ಮದುವೆಯಾಗಿ ಭಟ್ಕಳ ಸೇರಿದ ಮೇಲೆ ಮಾತೆಲ್ಲ ಫೋನಿನಲ್ಲೇ.

ಆ ಬೆಳಿಗ್ಗೆ ಗೆಳತಿಯನ್ನು ಕರೆತರಲು ಹೊನ್ನಾವರ ಬಸ್‌ಸ್ಟ್ಯಾಂಡಿಗೆ ಹೋದರೆ, ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಅಮ್ಮ ಬೆಂಚಿನ ಮೇಲೆ ಕೂತಿದ್ದಾಳೆ! ಅಷ್ಟರಲ್ಲಿ ತಂಗಿಯ ಫೋನು.

"ಅಕ್ಕಾ, ದೇವಸ್ಥಾನಕ್ಕೆ ಅಂತ ಹೋದ ಅಮ್ಮ ಬರ್ಲೇ ಇಲ್ಲ. ನಮ್ ಪ್ಲ್ಯಾನ್ ಸ್ಪಾಯಿಲ್ ಆತು!"

"ಅಮ್ಮ ಇಲ್ಲೇ ಇದ್ದಾಳೆ. ಸ್ಪಾಯಿಲ್ ಅಲ್ಲ, ಫಾಯಿಲ್," ಎಂದೆ. ಕಲಿಸುವವರ ಚಟ ಎಲ್ಲಿ ಬಿಡುತ್ತದೆ?

"ಎಂತ ವ್ಯತ್ಯಾಸ ಅದ್ರಲ್ಲಿ?" ಅಮ್ಮ ಪಕ್ಕದಿಂದಲೇ ಕೇಳಿದಳು.

"ಪಾಯಸ ಸೀದ್ರೆ ಸ್ಪಾಯಿಲ್. ಪಾಯಸ ಆಗ್ತದೆ, ರುಚಿ ಕೆಡ್ತದೆ. ಪಾತ್ರೆಯೇ ಮಗುಚಿ ಬಿದ್ರೆ ರೂಯಿನ್, ಪೂರ್ತಿ ಹಾಳು. ಪಾಯಸ ಆಗ್ಲೇಬಾರ್ದು ಅಂತ ಯಾರಾದ್ರೂ ಒಲೆ ಆರಿಸಿದ್ರೆ ಫಾಯಿಲ್."

"ಹಾಗಾದ್ರೆ ನಂದು ಫಾಯಿಲೇ!" ಅಮ್ಮ ನಕ್ಕಳು. "ದಿನಾ ಕೇರಿಗೆಲ್ಲ ಕೇಳೋ ಹಾಗೆ ಫೋನಲ್ಲಿ ಕೂಗೋ ನಿನ್ ತಂಗಿ ಪಿಸುಪಿಸು ಅಂದ್ರೆ ನಂಗೆ ಗೊತ್ತಾಗುದಿಲ್ವಾ? ನಡುವೆ ಭಟ್ಕಳ ಅಂತ ಕಿವಿಗೆ ಬಿತ್ತು. ಅಲ್ಲಿಗೇ ಫೋನ್ ಮಾಡಿ ನನ್ ಗೆಳತಿ ಬಾಯಿ ಬಿಡಿಸ್ದೆ."

"ಗೊತ್ತಾದ್ರೂ ಮನೇಲೇ ಇರ್ಬಹುದಿತ್ತಲ್ಲ ಅಮ್ಮಾ?"

"ಮನೆಗೆ ಬಂದ್ರೆ ನಾನು ಅಡುಗೆಮನೇಲಿ, ಅವ್ಳು ಚಾವಡಿಯಲ್ಲಿ. ಮಾತಾಡುದು ಯಾವಾಗ?"

ಅರವತ್ತನೇ ಹುಟ್ಟುಹಬ್ಬಕ್ಕೂ ಅಮ್ಮನೇ ಬಡಿಸುತ್ತಾಳೆಂದು ನಾವು ಯೋಚಿಸಿಯೇ ಇರಲಿಲ್ಲ.

ಭಟ್ಕಳದ ಬಸ್ಸು ಬಂತು. ಗೆಳತಿ ಕೊನೆಯ ಮೆಟ್ಟಿಲು ಇಳಿಯುವ ಮೊದಲೇ ಅಮ್ಮ ಕೈ ಹಿಡಿದುಕೊಂಡಳು.

"ಎಷ್ಟು ದಪ್ಪ ಆಗಿದ್ಯೇ ಮಾರಾಯ್ತಿ!"

"ನೀ ಎಂತ ಬಳ್ಳಿ ಹಾಗೆ ಇದ್ದಿಯಾ?"

ಕಂಡಕ್ಟರ್ ಕೂಡ ನಕ್ಕುಬಿಟ್ಟ. ಇಬ್ಬರ ಕಣ್ಣಲ್ಲೂ ನೀರು, ಬಾಯಲ್ಲಿ ನಗು. ಎಲ್ಲಿಗೆ ಹೋಗುವುದೆಂದು ಅವರು ಫೋನಿನಲ್ಲಿ ಮೊದಲೇ ಮಾತಾಡಿಕೊಂಡಿದ್ದರು: ಮಾವಿನಕುರ್ವೆಗೆ. ತಂಗಿಗೂ ಅಲ್ಲಿಗೇ ಬರಲು ಹೇಳಿ ಹೊರಟೆವು.

ದ್ವೀಪದಲ್ಲಿ ಹಳೆಯ ಮನೆಗಳಿದ್ದ ಜಾಗ ಯಾವುದೆಂದು ಇಬ್ಬರೂ ದಾರಿಯುದ್ದಕ್ಕೂ ಜಗಳವಾಡಿದರು. ನೀರು ಕಂಡದ್ದೇ ಜಗಳ ಮರೆತರು. ಚಪ್ಪಲಿ ದಂಡೆಯಲ್ಲಿ ಬಿಟ್ಟು, ಹೊಸ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲುದ್ದದ ನೀರಿಗಿಳಿದು ಚಿಕ್ಕಂದಿನ ಹಾಗೆ ಕೆಸರಲ್ಲಿ ಕೈಯಾಡಿಸಿ ಚಿಪ್ಪು ಹೆಕ್ಕತೊಡಗಿದರು. ತಂಗಿ ಬಂದು ಕೂಗಿದಾಗ ಅಮ್ಮ ತಿರುಗಿಯೂ ನೋಡಲಿಲ್ಲ.